ಧ್ವನಿಮುದ್ರಣಗಳ ಲಿಪೀಕರಣ: ಸಾಧನಗಳ ಇತಿಹಾಸ ಮತ್ತು ಹಸ್ತಪ್ರತಿಶಾಸ್ತ್ರದ ದೃಷ್ಟಿ

೧. ಪೀಠಿಕೆ

ಜೈನ ಪರಂಪರೆಯಲ್ಲಿ ಆಗಮಕ್ಕೆ ‘ಶ್ರುತ’ವೆಂಬ ಹೆಸರು ಸಂದಿದೆ. ಗುರುವಿನ ಮುಖದಿಂದ ಹೊರಟು ಶಿಷ್ಯನ ಕಿವಿಯನ್ನು ಸೇರಿ, ಅಲ್ಲಿಂದ ಮತ್ತೊಬ್ಬ ಶಿಷ್ಯನಿಗೆ ಸಂಕ್ರಮಿಸಿದ ಜ್ಞಾನಕ್ಕೆ ಇದಕ್ಕಿಂತ ಉಚಿತವಾದ ಹೆಸರು ಬೇರೊಂದಿಲ್ಲ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆಯೇ ಶ್ರುತವು ಲೋಪವಾದೀತೆಂಬ ಆತಂಕದಿಂದ ಪುಷ್ಪದಂತ ಮತ್ತು ಭೂತಬಲಿಗಳಿಗೆ ಅದನ್ನು ಉಪದೇಶಿಸಿದರು. ಆ ಶಿಷ್ಯರಿಬ್ಬರು ಅದನ್ನು ಷಟ್ಖಂಡಾಗಮವಾಗಿ ಸೂತ್ರರೂಪಕ್ಕೆ ತಂದರು. ಗ್ರಂಥವು ಪೂರ್ಣಗೊಂಡ ಜ್ಯೇಷ್ಠ ಶುಕ್ಲ ಪಂಚಮಿಯನ್ನು ಇಂದಿಗೂ ಶ್ರುತಪಂಚಮಿಯೆಂದು ಆಚರಿಸುತ್ತಾರೆ. ಕೇಳಿದ್ದು ಬರಹಕ್ಕಿಳಿದ ದಿನವನ್ನು ಹಬ್ಬವಾಗಿ ಕೊಂಡಾಡುವ ಸಮಾಜಕ್ಕೆ, ಕೇಳಿದ್ದನ್ನು ಬರಹಕ್ಕಿಳಿಸುವ ಕಾರ್ಯದ ಮಹತ್ತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಕಾರ್ಯವು ಕಳೆದ ನೂರೈವತ್ತು ವರ್ಷಗಳಲ್ಲಿ ಹೊಸದೊಂದು ರೂಪವನ್ನು ತಾಳಿದೆ. ಮಾತು ಈಗ ಮೊದಲು ಯಂತ್ರದಲ್ಲಿ ಮುದ್ರಿತವಾಗುತ್ತದೆ. ಆ ಮುದ್ರಣವನ್ನು ಮತ್ತೆ ಮತ್ತೆ ಕೇಳಿ ಬರಹಕ್ಕಿಳಿಸುತ್ತಾರೆ. ಹಾಗೆ ಇಳಿಸಿದ ಪಾಠವನ್ನು ಗಣಕಯಂತ್ರದ ತಂತ್ರಾಂಶಗಳ ನೆರವಿನಿಂದ ವಿಂಗಡಿಸಿ ಪರೀಕ್ಷಿಸುತ್ತಾರೆ. ಭಾಷಾಶಾಸ್ತ್ರ, ಮಾನವಶಾಸ್ತ್ರ, ಮನಃಶಾಸ್ತ್ರ, ಶಿಕ್ಷಣಶಾಸ್ತ್ರಗಳಲ್ಲಿ ಇದು ನಿತ್ಯದ ಕೆಲಸವಾಗಿದೆ. ಮಠ, ಬಸದಿ, ಸಂಶೋಧನ ಕೇಂದ್ರಗಳಲ್ಲಿ ಪ್ರವಚನ, ಪಾರಾಯಣ, ಶಾಸ್ತ್ರಚರ್ಚೆಗಳನ್ನು ಮುದ್ರಿಸಿಕೊಳ್ಳುವ ರೂಢಿ ವ್ಯಾಪಕವಾಗಿರುವ ಈ ಕಾಲದಲ್ಲಿ, ಆ ಮುದ್ರಣಗಳಿಂದ ಮುಂದೆ ಹುಟ್ಟುವ ಲಿಖಿತ ಪಾಠಗಳ ಪ್ರಾಮಾಣ್ಯವೇನೆಂಬ ಪ್ರಶ್ನೆ ಹಸ್ತಪ್ರತಿಶಾಸ್ತ್ರಜ್ಞರ ಮುಂದೆಯೂ ನಿಂತಿದೆ. ಆದ್ದರಿಂದ ಈ ಸಾಧನಗಳು ಬೆಳೆದು ಬಂದ ಬಗೆಯನ್ನು ಗ್ರಂಥಸಂಪಾದನೆಯ ದೃಷ್ಟಿಯಿಂದ ಪರಿಶೀಲಿಸುವುದು ಅನುಚಿತವಾಗದು.

೨. ಧ್ವನಿಯ ಲೇಖನ

ಧ್ವನಿಯನ್ನು ಹಿಡಿದಿಡುವ ಮೊದಲ ಯಂತ್ರವು ಅದನ್ನು ಮತ್ತೆ ಕೇಳಿಸುವುದಕ್ಕಾಗಿ ಹುಟ್ಟಿದ್ದಲ್ಲ, ಬರೆಯುವುದಕ್ಕಾಗಿ ಹುಟ್ಟಿದ್ದು ಎಂಬ ಸಂಗತಿ ಕುತೂಹಲಕರವಾಗಿದೆ. ಫ್ರಾನ್ಸಿನ ಎದ್ವಾರ್ ಲೆಯೋಂ ಸ್ಕಾಟ್ ದ ಮಾರ್ತಾಂವೀಲ್ ೧೮೫೭ರಲ್ಲಿ ‘ಫೋನಾಟೋಗ್ರಾಫ್’ ಎಂಬ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಮಾತಿನ ಕಂಪನವನ್ನು ಮಸಿ ಹಿಡಿಸಿದ ಕಾಗದದ ಮೇಲೆ ಗೆರೆಯಾಗಿ ಗೀಚುವುದಷ್ಟೇ ಅದರ ಕೆಲಸ. ಆ ಗೆರೆಯನ್ನು ಜನರು ಕಣ್ಣಿನಿಂದ ಓದುವುದನ್ನು ಕಲಿಯುವರೆಂಬುದು ಅವನ ನಿರೀಕ್ಷೆಯಾಗಿತ್ತು. ಆ ಲಿಪಿಯನ್ನು ಯಾರೂ ಓದಲಿಲ್ಲ. ೧೮೬೦ರಲ್ಲಿ ಅವನು ಬರೆದ ಒಂದು ಹಾಡಿನ ಗೆರೆಯನ್ನು ೨೦೦೮ರಲ್ಲಿ ಅಮೆರಿಕದ ವಿದ್ವಾಂಸರು ಗಣಕಯಂತ್ರದ ನೆರವಿನಿಂದ ಮತ್ತೆ ಧ್ವನಿಯಾಗಿಸಿದರು. ಮೊದಲು ಅದು ಹೆಣ್ಣುಮಗಳ ಕಂಠವೆಂದು ಕೇಳಿಸಿತು. ಸ್ಕಾಟನು ಕಂಪನಗಳನ್ನು ಎಣಿಸುತ್ತಿದ್ದ ಕ್ರಮವನ್ನು ತಪ್ಪಾಗಿ ತಿಳಿದದ್ದರಿಂದ ವೇಗವು ಇಮ್ಮಡಿಯಾಗಿತ್ತೆಂಬುದು ಮರುವರ್ಷ ಗೊತ್ತಾಯಿತು. ಸರಿಪಡಿಸಿದಾಗ ಗಂಡಸಿನ ಕಂಠ, ಬಹುಶಃ ಸ್ಕಾಟನದೇ, ಕೇಳಿಬಂದಿತು. ಲೇಖನವು ನಿರ್ದುಷ್ಟವಾಗಿದ್ದರೂ ಅದರ ಸಂಕೇತದ ಅರ್ಥ ತಪ್ಪಿದರೆ ಓದು ತಪ್ಪುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಥಾಮಸ್ ಎಡಿಸನ್ ೧೮೭೭ರಲ್ಲಿ ರಚಿಸಿದ ಫೋನೋಗ್ರಾಫ್ ಯಂತ್ರದಿಂದ ಮುದ್ರಿಸಿದ ಧ್ವನಿಯನ್ನು ಮತ್ತೆ ಕೇಳುವುದು ಸಾಧ್ಯವಾಯಿತು. ೧೮೯೦ರಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಅಮೆರಿಕದ ಮೇನ್ ಪ್ರಾಂತದಲ್ಲಿ ಪಾಸಮಕ್ವಾಡಿ ಜನರ ಹಾಡು, ಕಥೆಗಳನ್ನು ಮೇಣದ ಉರುಳೆಗಳಲ್ಲಿ ಮುದ್ರಿಸಿದನು. ೧೮೯೯ರಲ್ಲಿ ವಿಯೆನ್ನಾದಲ್ಲಿ, ೧೯೦೦ರಲ್ಲಿ ಬರ್ಲಿನ್‌ನಲ್ಲಿ ಧ್ವನಿಭಂಡಾರಗಳು ಸ್ಥಾಪನೆಗೊಂಡವು. ಭಾರತದಲ್ಲಿ ಜಾರ್ಜ್ ಗ್ರಿಯರ್ಸನ್ ಅವರ ಭಾಷಾ ಸಮೀಕ್ಷೆಗೆ ಸಂಬಂಧಿಸಿ ೧೯೧೩ರಿಂದ ಗ್ರಾಮಫೋನ್ ಮುದ್ರಣಗಳು ನಡೆದವು. ಓಲೆಗರಿಗೆ ಶಾಸ್ತ್ರಭಂಡಾರವಿದ್ದಂತೆ ಕಂಠಕ್ಕೂ ಭಂಡಾರವು ಏರ್ಪಟ್ಟಿತು.

ಧ್ವನಿಯ ಜೊತೆಗೆ ಚಲನೆಯೂ ಸಂಶೋಧನೆಯ ಸಾಮಗ್ರಿಯಾಯಿತು. ಗ್ರೆಗರಿ ಬೇಟ್ಸನ್ ಮತ್ತು ಮಾರ್ಗರೆಟ್ ಮೀಡ್ ೧೯೩೬ರಿಂದ ಬಾಲಿ ದ್ವೀಪದ ಜನಜೀವನವನ್ನು ಚಲನಚಿತ್ರಗಳಲ್ಲಿಯೂ ಛಾಯಾಚಿತ್ರಗಳಲ್ಲಿಯೂ ಸಂಗ್ರಹಿಸಿದರು. ೧೯೫೫-೫೬ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಸೇರಿದ ಭಾಷಾಶಾಸ್ತ್ರಜ್ಞರು, ಮನೋವೈದ್ಯರು ಮತ್ತು ಮಾನವಶಾಸ್ತ್ರಜ್ಞರ ಒಂದು ತಂಡವು ಒಂದೇ ಸಂದರ್ಶನದ ಚಿತ್ರವನ್ನು ಆಧಾರವಾಗಿಟ್ಟುಕೊಂಡು, ಮಾತು, ಸ್ವರದ ಏರಿಳಿತ, ಕಣ್ಣು, ಕೈ, ಮೈಗಳ ಚಲನೆಯನ್ನು ಒಂದೊಂದಾಗಿ ಬರಹಕ್ಕಿಳಿಸತೊಡಗಿತು. ಚಾರ್ಲ್ಸ್ ಹಾಕೆಟ್, ನಾರ್ಮನ್ ಮೆಕ್‌ಕ್ವೌನ್, ರೇ ಬರ್ಡ್‌ವಿಸಲ್ ಮೊದಲಾದವರು ಅದರಲ್ಲಿದ್ದರು. ಕೆಲಸವು ವರ್ಷಗಟ್ಟಲೆ ನಡೆದರೂ ಗ್ರಂಥವು ಮುದ್ರಣ ಕಾಣಲಿಲ್ಲ. ೧೯೭೧ರಲ್ಲಿ ಅದನ್ನು ಸೂಕ್ಷ್ಮಚಿತ್ರ ಸುರುಳಿಯ ರೂಪದಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಇರಿಸಲಾಯಿತು. ಕೆಲವೇ ನಿಮಿಷಗಳ ಮಾನವ ವ್ಯವಹಾರವನ್ನು ಸಮಗ್ರವಾಗಿ ಬರೆಯಹೊರಟರೆ ಲೇಖನವು ಎಷ್ಟು ಹಿಗ್ಗುವುದೆಂಬುದು ಆ ಪ್ರಯತ್ನದಿಂದ ಸ್ಪಷ್ಟವಾಯಿತು.

೩. ಉಸಿರು, ಕೆಮ್ಮು, ನಗೆ

ಮಾತನ್ನು ಬರೆಯುವಾಗ ಏನನ್ನು ಬರೆಯಬೇಕು, ಏನನ್ನು ಬಿಡಬೇಕು? ಈ ಪ್ರಶ್ನೆಗೆ ೧೯೬೦ರ ದಶಕದಲ್ಲಿ ಅಮೆರಿಕದಲ್ಲಿ ಹೊಸ ಉತ್ತರವೊಂದು ಮೂಡಿತು. ಹಾರ್ವೆ ಸ್ಯಾಕ್ಸ್ ಎಂಬ ಸಮಾಜಶಾಸ್ತ್ರಜ್ಞನು ದೂರವಾಣಿಯ ಸಂಭಾಷಣೆಗಳ ಮುದ್ರಣಗಳನ್ನು ಕೇಳಿ ಅಭ್ಯಸಿಸುತ್ತಿದ್ದಾಗ, ಅವುಗಳನ್ನು ಬರಹಕ್ಕಿಳಿಸುವ ಹೊಣೆಯನ್ನು ಹೊತ್ತವರು ಗೇಲ್ ಜೆಫರ್‌ಸನ್. ಈಕೆಯು ಶಬ್ದಗಳನ್ನು ಮಾತ್ರವಲ್ಲದೆ, ಇಬ್ಬರ ಮಾತು ಒಂದರ ಮೇಲೊಂದು ಬೀಳುವ ಸ್ಥಾನ, ಸ್ವರದ ದೀರ್ಘತೆ, ನಡುವಣ ಮೌನ, ಒಳಗೆಳೆದ ಉಸಿರು, ಮಾತಿನೊಳಗೆ ಬೆರೆತ ನಗೆ ಇವೆಲ್ಲಕ್ಕೂ ಬೆರಳಚ್ಚು ಯಂತ್ರದಲ್ಲಿ ಲಭ್ಯವಿದ್ದ ಚಿಹ್ನೆಗಳಿಂದಲೇ ಸಂಕೇತಗಳನ್ನು ಕಲ್ಪಿಸಿದರು. ಮೌನವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಅಳೆದು ಆವರಣದಲ್ಲಿ ಬರೆಯುವುದು ಆ ಪದ್ಧತಿಯ ಒಂದು ಲಕ್ಷಣ. ೧೯೭೪ರಲ್ಲಿ ಸ್ಯಾಕ್ಸ್, ಇಮ್ಯಾನ್ಯುಯೆಲ್ ಷೆಗ್ಲಾಫ್ ಮತ್ತು ಜೆಫರ್‌ಸನ್ ಸಂಭಾಷಣೆಯಲ್ಲಿ ಸರದಿಯು ಬದಲಾಗುವ ಕ್ರಮವನ್ನು ಕುರಿತು ಪ್ರಕಟಿಸಿದ ಪ್ರಬಂಧಕ್ಕೆ ಇಂತಹ ಲಿಪೀಕರಣವೇ ತಳಹದಿಯಾಯಿತು.

ಉಸಿರನ್ನೂ ಕೆಮ್ಮನ್ನೂ ಬರೆಯುವುದು ವಿಚಿತ್ರವೆಂದು ಅಂದಿನ ಪಾಶ್ಚಾತ್ಯ ವಿದ್ವಾಂಸರಲ್ಲಿ ಕೆಲವರಿಗೆ ತೋರಿರಬಹುದು. ಜೈನಶಾಸ್ತ್ರವನ್ನು ಬಲ್ಲವರಿಗೆ ಹಾಗೆ ತೋರಬೇಕಾಗಿಲ್ಲ. ನಂದೀಸೂತ್ರವು ಶ್ರುತಜ್ಞಾನದ ಭೇದಗಳನ್ನು ಹೇಳುವಾಗ ಅಕ್ಷರಶ್ರುತ, ಅನಕ್ಷರಶ್ರುತವೆಂದು ವಿಭಾಗಿಸಿ, ಉಚ್ಛ್ವಾಸ, ನಿಃಶ್ವಾಸ, ಉಗುಳುವಿಕೆ, ಕೆಮ್ಮು, ಸೀನು ಮೊದಲಾದವುಗಳನ್ನು ಅನಕ್ಷರಶ್ರುತದಲ್ಲಿ ಎಣಿಸುತ್ತದೆ. ಅಕ್ಷರವಲ್ಲದ ಧ್ವನಿಯೂ ಕೇಳುವವನಿಗೆ ಅರ್ಥವನ್ನು ತಿಳಿಸುವುದರಿಂದ ಅದಕ್ಕೂ ಶ್ರುತತ್ವವಿದೆಯೆಂಬುದು ಅದರ ತಾತ್ಪರ್ಯ. ಅದೇ ಸೂತ್ರವು ಅಕ್ಷರಶ್ರುತವನ್ನು ಸಂಜ್ಞಾಕ್ಷರ, ವ್ಯಂಜನಾಕ್ಷರ, ಲಬ್ಧ್ಯಕ್ಷರವೆಂದು ಮೂರಾಗಿ ವಿಂಗಡಿಸುತ್ತದೆ; ಧವಲಾಟೀಕೆಯಲ್ಲಿ ಲಬ್ಧ್ಯಕ್ಷರ, ನಿರ್ವೃತ್ತ್ಯಕ್ಷರ, ಸಂಸ್ಥಾನಾಕ್ಷರವೆಂಬ ವಿಭಾಗವಿದೆ. ಬರೆದ ಆಕೃತಿ ಬೇರೆ, ಉಚ್ಚರಿಸಿದ ಧ್ವನಿ ಬೇರೆ, ಅದರಿಂದಾಗುವ ಅರಿವಿನ ಶಕ್ತಿ ಬೇರೆ. ಧ್ವನಿಮುದ್ರಣದಲ್ಲಿ ದೊರೆಯುವುದು ವ್ಯಂಜನಾಕ್ಷರ. ಲಿಖಿತ ಪಾಠದಲ್ಲಿ ದೊರೆಯುವುದು ಸಂಜ್ಞಾಕ್ಷರ. ಇವೆರಡರ ನಡುವೆ ಲಿಪಿಕಾರನ ಲಬ್ಧಿಯು ನಿಂತಿರುತ್ತದೆ. ಕೇಳುವವನು ತನಗೆ ತಿಳಿದಷ್ಟನ್ನೇ ಬರೆಯಬಲ್ಲನು. ಎಲಿನಾರ್ ಓಕ್ಸ್ ಎಂಬ ವಿದುಷಿಯು ೧೯೭೯ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಲಿಪೀಕರಣವು ತಟಸ್ಥವಾದ ನಕಲಲ್ಲ, ಅದರ ಹಿಂದೆ ಬರೆಯುವವರ ಸಿದ್ಧಾಂತವಿರುತ್ತದೆ ಎಂದು ವಾದಿಸಿದರು. ಪುಟದ ಎಡಭಾಗದಲ್ಲಿ ಯಾರ ಮಾತನ್ನು ಇರಿಸಲಾಗಿದೆ ಎಂಬಷ್ಟು ಅಲ್ಪ ವಿಷಯವೂ ಓದುವವರ ತೀರ್ಮಾನವನ್ನು ತಿರುಗಿಸಬಲ್ಲದೆಂದು ಅವರು ತೋರಿಸಿಕೊಟ್ಟರು.

೪. ಗಣಕಯಂತ್ರದ ಪ್ರವೇಶ

ಲಿಖಿತ ಪಾಠಗಳನ್ನು ಗಣಕಯಂತ್ರದಲ್ಲಿರಿಸಿ ಎಲ್ಲ ವಿದ್ವಾಂಸರಿಗೂ ಒದಗಿಸುವ ಸಂಘಟಿತ ಪ್ರಯತ್ನಗಳಲ್ಲಿ ಮುಖ್ಯವಾದುದು, ಮಕ್ಕಳ ಭಾಷಾರ್ಜನೆಯ ಅಧ್ಯಯನಕ್ಕಾಗಿ ೧೯೮೪ರಲ್ಲಿ ಬ್ರಯಾನ್ ಮೆಕ್‌ವಿನಿ ಮತ್ತು ಕ್ಯಾಥರಿನ್ ಸ್ನೋ ಸ್ಥಾಪಿಸಿದ ‘ಚೈಲ್ಡ್ಸ್’ ಸಂಗ್ರಹ. ಅದಕ್ಕೆ ಮುನ್ನ ಒಬ್ಬೊಬ್ಬ ಸಂಶೋಧಕರೂ ತಮ್ಮದೇ ಆದ ರೀತಿಯಲ್ಲಿ ಬರೆಯುತ್ತಿದ್ದುದರಿಂದ ಒಬ್ಬರ ಸಾಮಗ್ರಿಯನ್ನು ಮತ್ತೊಬ್ಬರು ಬಳಸುವುದು ಕಷ್ಟವಾಗಿತ್ತು. ಈ ಸಂಗ್ರಹಕ್ಕಾಗಿ ‘ಚ್ಯಾಟ್’ ಎಂಬ ಲೇಖನ ನಿಯಮಾವಳಿಯೂ ‘ಕ್ಲಾನ್’ ಎಂಬ ಪರಿಶೀಲನ ತಂತ್ರಾಂಶವೂ ಸಿದ್ಧವಾದವು.

ಚ್ಯಾಟ್ ನಿಯಮದ ಪ್ರಕಾರ ಬರೆದ ಕಡತವು ರಚನೆಯಲ್ಲಿ ಸಟೀಕ ಗ್ರಂಥವನ್ನು ಹೋಲುತ್ತದೆ. ಆರಂಭದಲ್ಲಿ ಮಾತನಾಡುವವರು ಯಾರು, ಭಾಷೆ ಯಾವುದು ಮುಂತಾದ ವಿವರಗಳ ಸಾಲುಗಳಿರುತ್ತವೆ. ಬಳಿಕ ಒಂದೊಂದು ಮಾತಿಗೂ ನಕ್ಷತ್ರ ಚಿಹ್ನೆಯಿಂದ ಆರಂಭವಾಗುವ ಮೂಲಪಂಕ್ತಿ; ಅದರ ಕೆಳಗೆ ಶೇಕಡಾ ಚಿಹ್ನೆಯಿಂದ ಆರಂಭವಾಗುವ ಆಶ್ರಿತ ಪಂಕ್ತಿಗಳು. ವ್ಯಾಕರಣ, ಉಚ್ಚಾರಣೆ, ಸಂದರ್ಭ, ಅಂಗಚಲನೆ ಮುಂತಾದವು ಆಶ್ರಿತ ಪಂಕ್ತಿಗಳಿಗೆ ಸೇರುತ್ತವೆ. ಕೇಳಿಸದ ಮಾತಿಗೆ ನಿಯತವಾದ ಚಿಹ್ನೆಯೊಂದಿದೆ, ಊಹಿಸಿ ತುಂಬುವಂತಿಲ್ಲ. ಆಡಿದ ರೂಪವು ಶಿಷ್ಟರೂಪಕ್ಕಿಂತ ಭಿನ್ನವಾಗಿದ್ದಲ್ಲಿ ಆಡಿದ್ದನ್ನು ಹಾಗೆಯೇ ಉಳಿಸಿ, ಶಿಷ್ಟರೂಪವನ್ನು ಪಕ್ಕದಲ್ಲಿ ಆವರಣದೊಳಗೆ ಬರೆಯಬೇಕು. ಮೂಲಪಾಠವನ್ನು ಮೌನವಾಗಿ ತಿದ್ದದಿರುವುದು, ತ್ರುಟಿತ ಸ್ಥಾನವನ್ನು ಗುರುತಿಸುವುದು, ಶೋಧಿತ ಪಾಠವನ್ನು ಪ್ರತ್ಯೇಕವಾಗಿ ತೋರಿಸುವುದು ಗ್ರಂಥಸಂಪಾದಕನ ಧರ್ಮಗಳೇ ಆಗಿವೆ.

ನಿಯಮವು ಇಷ್ಟು ಬಿಗಿಯಾಗಿರಲು ಕಾರಣ ಗಣನೆ. ಕ್ಲಾನ್ ತಂತ್ರಾಂಶವು ಪದಗಳ ಆವೃತ್ತಿಯನ್ನು ಎಣಿಸುತ್ತದೆ. ಮಾತುಗಳ ಸರಾಸರಿ ಉದ್ದವನ್ನು ಲೆಕ್ಕ ಹಾಕುತ್ತದೆ. ಬೇಕಾದ ಪದವನ್ನು ಅದರ ಸಂದರ್ಭದೊಡನೆ ಹುಡುಕಿಕೊಡುತ್ತದೆ. ನಿಯಮಭಂಗವಾದ ಸಾಲುಗಳನ್ನು ತೋರಿಸುತ್ತದೆ. ಆದರೆ ಯಂತ್ರಕ್ಕೆ ಬರಹದ ಆಕೃತಿಯ ಹೊರತು ಮತ್ತೇನೂ ತಿಳಿಯದು. ಓಲೆಗರಿಯ ಲಿಪಿಕಾರನು ಒಂದೆಡೆ ‘ಧರ್ಮ’ ಎಂದೂ ಮತ್ತೊಂದೆಡೆ ‘ಧರ್ಮ್ಮ’ ಎಂದೂ ಬರೆದರೆ ಪಂಡಿತನಿಗೆ ಅವೆರಡೂ ಒಂದೇ. ಎಣಿಸುವ ಯಂತ್ರಕ್ಕೆ ಎರಡು ಪದಗಳು. ಹೀಗಾಗಿ ಗಣಕಯಂತ್ರದ ಲಿಪೀಕರಣದಲ್ಲಿ ಆಡಿದ ರೂಪ, ನಿಯತ ರೂಪಗಳೆರಡನ್ನೂ ಬೇರೆ ಬೇರೆಯಾಗಿ ಉಳಿಸುವುದು ಅನಿವಾರ್ಯವಾಯಿತು. ಒಂದನ್ನುಳಿಸಿ ಮತ್ತೊಂದನ್ನು ಕಳೆದರೆ ಗಣನೆಯಾದರೂ ಕೆಡುತ್ತದೆ, ಪ್ರಮಾಣವಾದರೂ ಕೆಡುತ್ತದೆ.

೫. ಕಾಲಸೂಚಿ ಮತ್ತು ಸ್ತರಗಳು

೧೯೯೦ರ ದಶಕದ ಸಾಧನಗಳಲ್ಲಿ ಧ್ವನಿಯೇ ಗಣಕಯಂತ್ರದೊಳಗೆ ಬಂದಿತು. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾನಿಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರಚಿಸಿದ ‘ಪ್ರಾಟ್’ ಎಂಬ ತಂತ್ರಾಂಶಕ್ಕೆ ಡಚ್ ಭಾಷೆಯಲ್ಲಿ ‘ಮಾತಾಡು’ ಎಂದರ್ಥ. ಅದು ಧ್ವನಿಯ ಅಲೆ, ಸ್ಥಾಯಿ, ಕಂಪನಗಳ ವಿತರಣೆಯನ್ನು ಚಿತ್ರವಾಗಿ ತೋರಿಸಿ, ಆ ಚಿತ್ರದ ಕೆಳಗೆಯೇ ಅಕ್ಷರಗಳನ್ನು ಗುರುತಿಸಲು ಅವಕಾಶ ಕೊಡುತ್ತದೆ. ಸ್ಕಾಟನು ಕಂಡ ಕನಸು, ಧ್ವನಿಯ ಗೆರೆಯನ್ನು ಕಣ್ಣಿನಿಂದ ಓದುವುದು, ಇಲ್ಲಿ ಒಂದು ಮಟ್ಟಿಗೆ ನನಸಾಯಿತೆನ್ನಬಹುದು. ೧೯೯೮ರಲ್ಲಿ ಬೆಳಕಿಗೆ ಬಂದ ‘ಟ್ರಾನ್ಸ್‌ಕ್ರೈಬರ್’ ಆಕಾಶವಾಣಿ ವಾರ್ತೆಗಳಂತಹ ದೀರ್ಘ ಮುದ್ರಣಗಳನ್ನು ಬರಹಕ್ಕಿಳಿಸಲು ಅನುಕೂಲವಾಯಿತು. ಜರ್ಮನಿಯಲ್ಲಿ ಕೊನ್ರಾಡ್ ಎಹ್ಲಿಷ್ ಮತ್ತು ಯೋಹೆನ್ ರೇಬೈನ್ ೧೯೭೬ರಲ್ಲಿಯೇ ರೂಪಿಸಿದ್ದ, ವಾದ್ಯಮೇಳದ ಸ್ವರಲಿಪಿಯಂತೆ ಹಲವರ ಮಾತನ್ನು ಸಮಾನಾಂತರ ಸಾಲುಗಳಲ್ಲಿ ಬರೆಯುವ ಪದ್ಧತಿಯು, ಹ್ಯಾಂಬರ್ಗಿನಲ್ಲಿ ಥಾಮಸ್ ಷ್ಮಿಟ್ ರಚಿಸಿದ ‘ಎಕ್ಸ್‌ಮರಾಲ್ಡ’ ತಂತ್ರಾಂಶದಲ್ಲಿ ಮುಂದುವರಿಯಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೂಪುಗೊಂಡ ‘ಟ್ರಾನ್ಸಾನ’ವು ತರಗತಿಯ ಪಾಠ ಮುಂತಾದವುಗಳ ದೃಶ್ಯಮುದ್ರಣಗಳನ್ನು ಪಾಠದೊಡನೆ ಜೋಡಿಸಿ, ವಿಷಯಾನುಸಾರ ವಿಂಗಡಿಸುವುದಕ್ಕೆ ಒದಗಿತು.

ಇವುಗಳಲ್ಲಿ ಇಂದು ಬಹಳ ಪ್ರಚಾರದಲ್ಲಿರುವುದು ನೆದರ್‌ಲ್ಯಾಂಡ್ಸಿನ ನೈಮೇಹನ್ ನಗರದ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯಲ್ಲಿ ೨೦೦೦ದ ಆಸುಪಾಸಿನಲ್ಲಿ ರೂಪುಗೊಂಡ ‘ಈಲಾನ್’. ೨೦೦೦ದಲ್ಲಿ ಫೋಕ್ಸ್‌ವ್ಯಾಗನ್ ಪ್ರತಿಷ್ಠಾನದ ನೆರವಿನಿಂದ ಆರಂಭವಾದ ಅಳಿವಿನಂಚಿನ ಭಾಷೆಗಳ ದಾಖಲೀಕರಣ ಯೋಜನೆಯಲ್ಲಿ ಅದು ಹೆಚ್ಚಾಗಿ ಬಳಕೆಗೆ ಬಂದಿತು. ಕಿವುಡರ ಸಂಜ್ಞಾಭಾಷೆ, ಮಾತಿನೊಡನೆ ನಡೆಯುವ ಹಸ್ತಾಭಿನಯ ಇವುಗಳ ಅಧ್ಯಯನಕ್ಕೂ ಅದೇ ಮುಖ್ಯ ಸಾಧನವಾಗಿದೆ. ಅದನ್ನು ಶುಲ್ಕವಿಲ್ಲದೆ ಪಡೆಯಬಹುದು.

ಈಲಾನ್‌ನ ಎರಡು ಲಕ್ಷಣಗಳು ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ವಿಚಾರಾರ್ಹವಾಗಿವೆ. ಮೊದಲನೆಯದು ಕಾಲಸೂಚಿ. ಬರೆದ ಪ್ರತಿಯೊಂದು ತುಣುಕೂ ಮುದ್ರಣದ ಯಾವ ಕ್ಷಣದಲ್ಲಿ ಆರಂಭವಾಗಿ ಯಾವ ಕ್ಷಣದಲ್ಲಿ ಮುಗಿಯಿತೆಂಬುದು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಕಡತದೊಳಗೆ ದಾಖಲಾಗುತ್ತದೆ. ಸಂಪಾದಕನು ಪಾಠವೊಂದನ್ನು ಉದ್ಧರಿಸುವಾಗ ಗರಿಯ ಸಂಖ್ಯೆ, ಪಾರ್ಶ್ವ, ಪಂಕ್ತಿಗಳನ್ನು ಕೊಡುವುದಕ್ಕೆ ಇದು ಸಮಾನ. ಸಂಶಯವುಳ್ಳವನು ನೇರವಾಗಿ ಆ ಸ್ಥಳಕ್ಕೆ ಹೋಗಿ ತಾನೇ ಕೇಳಿ ನಿರ್ಣಯಿಸಬಹುದು. ಹಿಂದಿನ ಲಿಪೀಕರಣಗಳಲ್ಲಿ ಈ ಸೌಲಭ್ಯವಿಲ್ಲದ್ದರಿಂದ ಲಿಖಿತ ಪಾಠವು ಮುದ್ರಣದಿಂದ ಕಳಚಿಕೊಂಡು ತಾನೇ ಮೂಲವೆಂಬಂತೆ ವರ್ತಿಸುತ್ತಿತ್ತು.

ಎರಡನೆಯದು ಸ್ತರಗಳ ಪದ್ಧತಿ. ಒಬ್ಬೊಬ್ಬ ವಕ್ತೃವಿಗೂ ಒಂದೊಂದು ಸ್ತರ. ಆ ಮಾತಿನ ಪದವಿಭಾಗ, ವ್ಯಾಕರಣ, ಅನುವಾದ, ಕೈಯ ಚಲನೆ, ದೃಷ್ಟಿಯ ದಿಕ್ಕು ಇವಕ್ಕೆ ಬೇರೆ ಬೇರೆ ಸ್ತರಗಳು. ಕೆಲವು ಸ್ತರಗಳು ಮೇಲಿನ ಸ್ತರವನ್ನು ಆಶ್ರಯಿಸಿರುತ್ತವೆ. ಮೇಲಿನದು ಅಳಿದರೆ ಆಶ್ರಿತವೂ ಅಳಿಯುತ್ತದೆ. ನಡುವೆ ಮೂಲವನ್ನೂ ಮೇಲೆ ಕೆಳಗೆ ವೃತ್ತಿಯನ್ನೂ ಬರೆದ ತ್ರಿಪಾಠ ಪ್ರತಿಗಳನ್ನು, ಅಂಚುಗಳಲ್ಲಿಯೂ ವ್ಯಾಖ್ಯಾನವುಳ್ಳ ಪಂಚಪಾಠ ಪ್ರತಿಗಳನ್ನು ಕಂಡವರಿಗೆ ಈ ವಿನ್ಯಾಸವು ಅಪರಿಚಿತವಲ್ಲ. ಸೂತ್ರ, ಚೂರ್ಣಿ, ಟೀಕೆಗಳು ಒಂದೇ ಗರಿಯಲ್ಲಿದ್ದರೂ ಯಾವುದು ಯಾರ ವಾಕ್ಯವೆಂಬುದು ಮಿಶ್ರವಾಗಬಾರದೆಂಬ ಎಚ್ಚರವೇ ಎರಡು ಕಡೆಯಲ್ಲಿಯೂ ಕೆಲಸ ಮಾಡಿದೆ.

ವ್ಯಾಖ್ಯಾನ ಸ್ತರಗಳನ್ನು ಬರೆಯುವವರ ನಡುವೆ ಭೇದ ಬಂದಾಗ ಅದನ್ನು ಅಳೆಯುವ ಕ್ರಮವೂ ಇದೆ. ಇಬ್ಬರು ಸ್ವತಂತ್ರವಾಗಿ ಒಂದೇ ಮುದ್ರಣವನ್ನು ವಿಂಗಡಿಸಿ, ಅವರ ಸಮ್ಮತಿಯಲ್ಲಿ ಕೇವಲ ಆಕಸ್ಮಿಕದಿಂದ ಬರಬಹುದಾದಷ್ಟನ್ನು ಕಳೆದು ಉಳಿದದ್ದನ್ನು ಲೆಕ್ಕ ಹಾಕುವ ಸೂತ್ರವನ್ನು ಜೇಕಬ್ ಕೋಹೆನ್ ೧೯೬೦ರಲ್ಲಿ ಪ್ರತಿಪಾದಿಸಿದನು. ಇದು ಉಪಯುಕ್ತವಾದ ಮಾಪನವೇ ಸರಿ. ಆದರೆ ಇಬ್ಬರ ಸಮ್ಮತಿಯು ಸತ್ಯಕ್ಕೆ ಪರ್ಯಾಯವಲ್ಲ. ಒಂದೇ ತಪ್ಪು ಪ್ರತಿಯಿಂದ ನಕಲಾದ ಎರಡು ಪ್ರತಿಗಳು ಪರಸ್ಪರ ಸಮ್ಮತಿಸುವುದು ಸಂಪಾದಕರಿಗೆ ಚೆನ್ನಾಗಿ ತಿಳಿದ ಸಂಗತಿ.

೬. ಯಂತ್ರವೇ ಲಿಪಿಕಾರನಾದಾಗ

ಇಲ್ಲಿಯವರೆಗಿನ ಸಾಧನಗಳಲ್ಲಿ ಕೇಳುವವನೂ ಬರೆಯುವವನೂ ಮನುಷ್ಯನೇ. ಒಂದು ಗಂಟೆಯ ಮುದ್ರಣವನ್ನು ಸೂಕ್ಷ್ಮವಾಗಿ ಬರೆಯಲು ಹಲವು ಗಂಟೆಗಳು ಬೇಕಾಗುವುದರಿಂದ, ಯಂತ್ರವೇ ಕೇಳಿ ಬರೆಯುವಂತೆ ಮಾಡುವ ಯತ್ನಗಳು ದಶಕಗಳಿಂದ ನಡೆಯುತ್ತಿದ್ದವು. ೨೦೨೨ರ ಸೆಪ್ಟೆಂಬರಿನಲ್ಲಿ ಓಪನ್‌ಎಐ ಸಂಸ್ಥೆಯು ಪ್ರಕಟಿಸಿದ ‘ವಿಸ್ಪರ್’ ತಂತ್ರಾಂಶವು ಸುಮಾರು ೬,೮೦,೦೦೦ ಗಂಟೆಗಳ ಧ್ವನಿಸಾಮಗ್ರಿಯಿಂದ ಅಭ್ಯಾಸ ಪಡೆದದ್ದು. ಕನ್ನಡವೂ ಸೇರಿದಂತೆ ಹಲವು ಭಾಷೆಗಳನ್ನು ಅದು ಬರೆಯುತ್ತದೆ. ಆದರೆ ಆ ಸಾಮಗ್ರಿಯಲ್ಲಿ ಇಂಗ್ಲಿಷಿನದೇ ದೊಡ್ಡ ಪಾಲು, ಕನ್ನಡದ್ದು ಅತ್ಯಲ್ಪ. ಭಾರತೀಯ ಭಾಷೆಗಳಿಗಾಗಿ ಭಾರತ ಸರ್ಕಾರದ ‘ಭಾಷಿಣಿ’ ಯೋಜನೆಯೂ ೨೦೨೨ರಲ್ಲಿಯೇ ಬಳಕೆಗೆ ಬಂದಿತು.

ಯಂತ್ರಲಿಪಿಕಾರನ ಸ್ವಭಾವವನ್ನು ತಿಳಿಯಲು ೨೦೨೪ರಲ್ಲಿ ಪ್ರಕಟವಾದ ಅಧ್ಯಯನವೊಂದು ನೆರವಾಗುತ್ತದೆ. ಮಿದುಳಿನ ಆಘಾತದಿಂದ ಮಾತಿನ ಶಕ್ತಿ ಕುಂದಿದವರ ಮತ್ತು ಆರೋಗ್ಯವಂತರ ಧ್ವನಿಮುದ್ರಣಗಳನ್ನು ವಿಸ್ಪರ್‌ಗೆ ಒಪ್ಪಿಸಿ, ಅದು ಬರೆದದ್ದನ್ನು ಮೂಲ ಧ್ವನಿಯೊಡನೆ ತಾಳೆ ನೋಡಿದಾಗ, ಸುಮಾರು ಶೇಕಡಾ ೧ರಷ್ಟು ತುಣುಕುಗಳಲ್ಲಿ ಯಾರೂ ಆಡದ ಪದಗುಚ್ಛಗಳು, ಕೆಲವೆಡೆ ಇಡೀ ವಾಕ್ಯಗಳು, ಸೇರಿಕೊಂಡಿದ್ದವು. ಅಂತಹ ಸೇರ್ಪಡೆಗಳಲ್ಲಿ ಶೇಕಡಾ ೩೮ರಷ್ಟು ಹಿಂಸೆಯ ಮಾತು, ಸುಳ್ಳು ಸಂಬಂಧಗಳ ಕಲ್ಪನೆ ಮುಂತಾಗಿ ಹಾನಿಕರವಾಗಿದ್ದವು. ಮಾತಿನ ನಡುವೆ ಮೌನವು ಹೆಚ್ಚಿದ್ದಲ್ಲಿ ಈ ದೋಷವೂ ಹೆಚ್ಚಾಗಿತ್ತು. ತಡವರಿಸುವವನ ಮೌನವನ್ನು ಯಂತ್ರವು ತನ್ನ ಮಾತಿನಿಂದ ತುಂಬಿತ್ತು.

ಮನುಷ್ಯ ಲಿಪಿಕಾರನ ದೋಷಗಳು ಪಂಡಿತರಿಗೆ ಪರಿಚಿತವಾದವು. ಕಣ್ಣು ಜಾರಿ ಒಂದು ಪಂಕ್ತಿ ಬಿಟ್ಟುಹೋಗುವುದು, ಸಮಾನಾಕ್ಷರಗಳ ಭ್ರಾಂತಿ, ಒಂದೇ ಪದವನ್ನು ಎರಡು ಬಾರಿ ಬರೆಯುವುದು, ಅರ್ಥವಾಗದ ಪದವನ್ನು ಅರ್ಥವಾಗುವ ಪದವನ್ನಾಗಿ ತಿರುಗಿಸುವುದು. ಇವುಗಳಲ್ಲಿ ಅನೇಕವು ವಾಕ್ಯದಲ್ಲಿ ಗಾಯದ ಗುರುತನ್ನು ಉಳಿಸುತ್ತವೆ. ಛಂದಸ್ಸು ಕೆಡುತ್ತದೆ, ಅನ್ವಯ ಮುರಿಯುತ್ತದೆ, ಸಂಪಾದಕನು ಅಲ್ಲಿ ನಿಲ್ಲುತ್ತಾನೆ. ಯಂತ್ರಲಿಪಿಕಾರನ ಪ್ರಕ್ಷೇಪಕ್ಕೆ ಗಾಯದ ಗುರುತಿರುವುದಿಲ್ಲ. ಅದು ವ್ಯಾಕರಣಶುದ್ಧವಾಗಿರುತ್ತದೆ, ಪ್ರಸಂಗಕ್ಕೆ ಹೊಂದುವಂತೆಯೇ ತೋರುತ್ತದೆ. ಪಾಠವನ್ನು ಮಾತ್ರ ಓದುವವನು ಅದನ್ನು ಹಿಡಿಯಲಾರನು. ಮೂಲ ಧ್ವನಿಯನ್ನು ಕೇಳುವವನು ಮಾತ್ರ ಹಿಡಿಯಬಲ್ಲನು. ಮೇಲಿನ ಅಧ್ಯಯನವು ಸಾಧ್ಯವಾದದ್ದು ಮೆಕ್‌ವಿನಿಯವರ ಸಂಗ್ರಹಪರಂಪರೆಗೇ ಸೇರಿದ ಭಂಡಾರವೊಂದರಲ್ಲಿ ಮೂಲ ಮುದ್ರಣಗಳು ಸುರಕ್ಷಿತವಾಗಿದ್ದುದರಿಂದ. ಮುದ್ರಣಗಳನ್ನು ಅಳಿಸಿ ಯಂತ್ರದ ಬರಹವನ್ನಷ್ಟೇ ಉಳಿಸಿದ್ದರೆ ಆ ಸುಳ್ಳು ವಾಕ್ಯಗಳೇ ಪ್ರಮಾಣವಾಗಿ ನಿಲ್ಲುತ್ತಿದ್ದವು.

೭. ‘ಸಂಜದ’ ಪದದ ಸಾಕ್ಷಿ

ಮೂಲಪ್ರತಿಯನ್ನು ಉಳಿಸಿಕೊಳ್ಳುವುದರ ಬೆಲೆಯನ್ನು ತಿಳಿಯಲು ಜೈನ ವಿದ್ವಾಂಸರು ದೂರ ಹೋಗಬೇಕಾಗಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾದಿ ಸಿದ್ಧಾಂತಗ್ರಂಥಗಳ ಹಳಗನ್ನಡ ಲಿಪಿಯ ತಾಡಪತ್ರಗಳಿಂದ ಕಾಗದದ ಪ್ರತಿಗಳನ್ನು ಸಿದ್ಧಪಡಿಸುವ ಕಾರ್ಯವು ೧೯ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ೧೯೨೨ರವರೆಗೆ ನಡೆಯಿತು. ಆ ಪ್ರತಿಯಿಂದ ಮತ್ತೊಂದು, ಅದರಿಂದ ಇನ್ನೊಂದು ನಾಗರಿ ಪ್ರತಿ ಹೀಗೆ ಉತ್ತರದ ಊರುಗಳನ್ನು ಸೇರಿದವು. ಡಾ. ಹೀರಾಲಾಲ ಜೈನರು ೧೯೩೯ರಲ್ಲಿ ಷಟ್ಖಂಡಾಗಮದ ಪ್ರಥಮ ಸಂಪುಟವನ್ನು ಪ್ರಕಟಿಸಿದಾಗ ಅವರಿಗೆ ದೊರೆತಿದ್ದುದು ಅಮರಾವತಿ, ಆರಾ, ಕಾರಂಜಾಗಳ ಇಂತಹ ಪ್ರತಿಗಳೇ.

ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ, ಸಂದರ್ಭಾನುಸಾರವಾಗಿ ಇರಬೇಕಾಗಿದ್ದ ‘ಸಂಜದ’ ಪದವು ಆ ಪ್ರತಿಗಳಲ್ಲಿ ಇರಲಿಲ್ಲ. ಸಂಪಾದಕರು ಪದವನ್ನು ಸೂತ್ರದೊಳಗೆ ಸೇರಿಸದೆ, ಇಲ್ಲಿ ಆ ಪಾಠವು ಬಿಟ್ಟುಹೋದಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸೂತ್ರವು ಮನುಷ್ಯಿಣಿಯರ ಗುಣಸ್ಥಾನಗಳಿಗೆ ಸಂಬಂಧಿಸಿದ್ದಾದ್ದರಿಂದ ಆ ಒಂದು ಪದವನ್ನು ಕುರಿತು ಪಂಡಿತರಲ್ಲಿ ದೀರ್ಘವಾದ ವಿವಾದ ನಡೆಯಿತು. ಮುಂದೆ ಮೂಡುಬಿದಿರೆಯ ತಾಡಪತ್ರದೊಡನೆ ತಾಳೆ ನೋಡಿದಾಗ ‘ಸಂಜದ’ ಪದವು ಅಲ್ಲಿ ಇದ್ದುದು ಕಂಡುಬಂದಿತು. ಪದದ ಅರ್ಥವನ್ನು ಭಾವಸ್ತ್ರೀವೇದದ ಅಪೇಕ್ಷೆಯಿಂದ ತಿಳಿಯುವುದು, ಸಿದ್ಧಾಂತದೊಡನೆ ಸಮನ್ವಯಗೊಳಿಸುವುದು ಬೇರೆ ವಿಚಾರ. ಪಾಠದ ಮಟ್ಟಿಗೆ ನಿರ್ಣಯವನ್ನು ಕೊಟ್ಟದ್ದು ಮಾತ್ರ ಓಲೆಗರಿ.

ಇಲ್ಲಿ ಮೂರು ಸಂಗತಿಗಳು ಕೂಡಿ ಕೆಲಸ ಮಾಡಿದವು. ಮೂಲವು ಉಳಿದಿತ್ತು, ಸಂಪಾದಕರು ಸಂಶಯವನ್ನು ಮುಚ್ಚಿಡದೆ ಗುರುತಿಸಿದ್ದರು, ಸ್ಥಳನಿರ್ದೇಶವು ನಿಖರವಾಗಿದ್ದುದರಿಂದ ತಾಳೆ ನೋಡುವುದು ಸಾಧ್ಯವಾಯಿತು. ಧ್ವನಿಮುದ್ರಣದ ಲಿಪೀಕರಣಕ್ಕೂ ಬೇಕಾದವು ಇವೇ ಮೂರು. ಈಲಾನ್, ಚ್ಯಾಟ್ ಮೊದಲಾದ ಪದ್ಧತಿಗಳು ಅವುಗಳಿಗೆ ಅವಕಾಶವನ್ನು ಒದಗಿಸಿವೆ. ಬಳಸುವವರು ಅದನ್ನು ಕೈಬಿಟ್ಟರೆ ಸಾಧನವು ತಾನಾಗಿ ರಕ್ಷಿಸಲಾರದು.

೮. ಉಪಸಂಹಾರ

ಮೇಲಿನ ಇತಿಹಾಸದಿಂದ ಕೆಲವು ನಿಯಮಗಳು ಸಹಜವಾಗಿ ಫಲಿಸುತ್ತವೆ. ಧ್ವನಿಮುದ್ರಣವೇ ಮಾತೃಕೆ, ಲಿಖಿತ ಪಾಠವು, ಅದನ್ನು ಮನುಷ್ಯನು ಬರೆದಿರಲಿ ಯಂತ್ರವು ಬರೆದಿರಲಿ, ಅದರ ಪ್ರತಿ ಮಾತ್ರ. ಪಾಠವು ಸಿದ್ಧವಾಯಿತೆಂದು ಮುದ್ರಣವನ್ನು ಅಳಿಸಕೂಡದು. ಪಾಠದ ಪ್ರತಿಯೊಂದು ಭಾಗಕ್ಕೂ ಕಾಲಸೂಚಿ ಇರಬೇಕು. ಕೇಳಿಸದ ಸ್ಥಳವನ್ನು ಕೇಳಿಸದ್ದೆಂದೇ ಗುರುತಿಸಬೇಕು. ಪ್ರಾಕೃತ ಗಾಥೆಗಳ ಉಚ್ಚಾರಣೆ, ಪಾರಾಯಣದ ಧಾಟಿ, ವಾಕ್ಯದ ನಡುವಣ ವಿರಾಮ ಇವು ಶಾಸ್ತ್ರವಾಚನದಲ್ಲಿ ಅರ್ಥವಾಹಕವಾದ್ದರಿಂದ ಅವಕ್ಕೆ ಪ್ರತ್ಯೇಕ ಸ್ತರಗಳನ್ನು ಮೀಸಲಿಡುವುದು ಯುಕ್ತ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಊರು, ಕಾಲ, ಬರೆಯಿಸಿದವರ ಹೆಸರುಗಳನ್ನು ಪುಷ್ಪಿಕೆಯಲ್ಲಿ ಬರೆದಿರುವಂತೆ, ಲಿಪೀಕರಣದ ಕಡತದಲ್ಲಿಯೂ ಮುದ್ರಿಸಿದವರು ಯಾರು, ಬರೆದವರು ಯಾರು, ಯಂತ್ರವಾದರೆ ಯಾವುದು, ಶೋಧಿಸಿದವರು ಯಾರು, ಅನುಸರಿಸಿದ ಸಂಕೇತಗಳಾವುವು ಎಂಬುದು ದಾಖಲಾಗಬೇಕು. ಸ್ಕಾಟನ ಗೆರೆಯನ್ನು ಸರಿಯಾಗಿ ಓದಲು ನೂರೈವತ್ತು ವರ್ಷಗಳ ಬಳಿಕವೂ ಬೇಕಾದದ್ದು ಅಂತಹ ಒಂದು ಸಂಕೇತದ ತಿಳಿವಳಿಕೆಯೇ.

ಭಿನ್ನಪಾಠಗಳು ಉಳಿದಾಗ ಏನು ಮಾಡಬೇಕೆಂಬುದಕ್ಕೆ ವೀರಸೇನಾಚಾರ್ಯರ ಮಾರ್ಗವು ಇಂದಿಗೂ ಆದರ್ಶ. ಅನಿವೃತ್ತಿಕರಣದಲ್ಲಿ ಕರ್ಮಪ್ರಕೃತಿಗಳು ಕ್ಷಯವಾಗುವ ಕ್ರಮದ ವಿಷಯದಲ್ಲಿ ಎರಡು ಪರಂಪರೆಗಳ ವಚನಗಳು ಪರಸ್ಪರ ವಿರೋಧಿಸಿದಾಗ, ಯಾವುದು ಜಿನವಚನವೆಂಬುದನ್ನು ಕೇವಲಿ ಅಥವಾ ಶ್ರುತಕೇವಲಿ ಮಾತ್ರ ಬಲ್ಲನಾದ್ದರಿಂದ, ಪಾಪಭೀರುಗಳು ಎರಡನ್ನೂ ಸಂಗ್ರಹಿಸಬೇಕೆಂದು ಅವರು ಧವಲಾದಲ್ಲಿ ನಿರ್ಣಯಿಸಿದರು. ಯಂತ್ರವು ಒಂದು ರೀತಿಯಲ್ಲಿಯೂ ಪಂಡಿತನು ಮತ್ತೊಂದು ರೀತಿಯಲ್ಲಿಯೂ ಕೇಳಿದ ಸ್ಥಳದಲ್ಲಿ ಎರಡು ಸ್ತರಗಳನ್ನು ಉಳಿಸಲು ಇಂದಿನ ಸಾಧನಗಳಲ್ಲಿ ತೊಡಕಿಲ್ಲ.

ಹಳಗನ್ನಡ ಲಿಪಿಯ ತಾಡಪತ್ರವನ್ನು ತಡೆಯಿಲ್ಲದೆ ಓದಿ, ಪ್ರಾಕೃತ ಗಾಥೆಯನ್ನು ಪರಂಪರಾಗತವಾದ ಧಾಟಿಯಲ್ಲಿ ಪಠಿಸಿ ಅರ್ಥ ಹೇಳಬಲ್ಲ ವೃದ್ಧ ವಿದ್ವಾಂಸರ ಸಂಖ್ಯೆ ಕಡಿಮೆಯಾಗುತ್ತಿರುವ ದಿನಗಳಿವು. ಅವರ ವಾಚನವನ್ನು ಮುದ್ರಿಸಿ ಇರಿಸುವುದು ಧರಸೇನಾಚಾರ್ಯರ ಆತಂಕಕ್ಕೆ ಈ ಕಾಲದ ಉತ್ತರ. ಆದರೆ ಮುದ್ರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಆ ಧ್ವನಿಯನ್ನು ಬರಹಕ್ಕಿಳಿಸುವಾಗ ಯಂತ್ರವು ತಪ್ಪಿದ ಸ್ಥಳವನ್ನು ಗುರುತಿಸಬಲ್ಲವರು ಆ ಶಾಸ್ತ್ರವನ್ನು ಓದಿದವರೇ. ಅಂತಹವರು ಇರುವಾಗಲೇ ಮುದ್ರಣ, ಲಿಪೀಕರಣ, ಶೋಧನಗಳು ಒಟ್ಟಿಗೆ ನಡೆಯುವುದು ಅವಶ್ಯ.